ವಿದ್ಯುತ್ತಿನ ಖಾತೆಯಲ್ಲಿ ಬರೆಯದ ಖರ್ಚು

ಈ ವರ್ಷ ಅರ್ಥಶಾಸ್ತ್ರದ ತರಗತಿಯಲ್ಲಿ ನಮ್ಮ ಅಧ್ಯಾಪಕರು ಒಂದು ಸಣ್ಣ ಅಭ್ಯಾಸವನ್ನು ಕೊಟ್ಟರು. ಪ್ರತಿಯೊಬ್ಬರೂ ತಮ್ಮ ಮನೆಯ ವಿದ್ಯುತ್ ಬಿಲ್ಲನ್ನು ತರಬೇಕು. ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, ಈ ವಿದ್ಯುತ್ತಿಗೆ ಹಣ ಕೊಟ್ಟವರು ಯಾರೆಂದು ಹೇಳಬೇಕು. ನಾನು ತಂದ ಬಿಲ್ಲಿನ ತಳದಲ್ಲಿ ಪಾವತಿ ಮಾಡಬೇಕಾದ ಮೊಬಲಗು ಸೊನ್ನೆ ಎಂದಿತ್ತು. ೨೦೨೩ರ ಜುಲೈ ತಿಂಗಳಿನಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಂತೆ, ತಿಂಗಳಿಗೆ ೨೦೦ ಯೂನಿಟ್ಟುಗಳ ಒಳಗೆ ಗೊತ್ತಾದ ಮಿತಿಯಲ್ಲಿ ಬಳಸುವ ಮನೆಯವರು ಹಣ ಕೊಡಬೇಕಾಗಿಲ್ಲ. ನನ್ನ ಸಹಪಾಠಿಗಳಲ್ಲಿ ಹೆಚ್ಚಿನವರ ಬಿಲ್ಲುಗಳೂ ಹಾಗೆಯೇ ಇದ್ದವು. “ಸರ್ಕಾರ ಕೊಡುತ್ತದೆ, ಸಾರ್” ಎಂದೆವು. “ಸರಿ. ಬಿಲ್ಲಿನಲ್ಲಿ ಬರೆದದ್ದನ್ನು ಸರ್ಕಾರ ಕೊಡುತ್ತದೆ. ಬರೆಯದೆ ಬಿಟ್ಟದ್ದನ್ನು ಕೊಡುವವರು ಯಾರು?” ಎಂದು ಅವರು ಕೇಳಿದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ನನಗೆ ತೋರಿದ ಉತ್ತರವನ್ನು ಗುರುಗಳ ಮತ್ತು ಸಹಪಾಠಿಗಳ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಬರೆದ ಲೆಕ್ಕವನ್ನು ನೋಡೋಣ. ನಮ್ಮ ರಾಜ್ಯದಲ್ಲಿ ವಿದ್ಯುತ್ತಿನ ಉತ್ಪಾದನೆಗಾಗಿ ೧೯೭೦ರಲ್ಲಿ ಪ್ರತ್ಯೇಕವಾದ ನಿಗಮವೊಂದು ಸ್ಥಾಪಿತವಾಯಿತು. ಇಂದಿನ ಕರ್ನಾಟಕ ವಿದ್ಯುತ್ ನಿಗಮ ಅದೇ. ಹಳೆಯ ವಿದ್ಯುಚ್ಛಕ್ತಿ ಮಂಡಳಿಯು ೧೯೯೯ರ ಸುಧಾರಣಾ ಕಾಯಿದೆಯಿಂದ ಕಂಪನಿಯ ರೂಪಕ್ಕೆ ಬಂದಿತು. ೨೦೦೨ರಿಂದ ಹಂಚಿಕೆಯ ಕೆಲಸ ಎಸ್ಕಾಂಗಳ ಪಾಲಾಯಿತು. ಅದೇ ಕಾಯಿದೆಯಿಂದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವೂ ಹುಟ್ಟಿತು. ಕಂಪನಿಗಳು ತಮ್ಮ ಖರ್ಚನ್ನು ಆಯೋಗದ ಮುಂದೆ ಮಂಡಿಸುತ್ತವೆ. ಆಯೋಗವು ಸಾರ್ವಜನಿಕರ ಅಹವಾಲುಗಳನ್ನು ಕೇಳಿ, ಒಪ್ಪತಕ್ಕದ್ದನ್ನು ಒಪ್ಪಿ, ತಳ್ಳತಕ್ಕದ್ದನ್ನು ತಳ್ಳಿ, ಯೂನಿಟ್ಟಿಗೆ ಇಷ್ಟೆಂದು ದರ ಗೊತ್ತುಮಾಡುತ್ತದೆ. ಇದು ದೊಡ್ಡ ಬದಲಾವಣೆ ಎಂಬುದರಲ್ಲಿ ಸಂದೇಹವಿಲ್ಲ. ಹಿಂದೆ ಮಂಡಳಿಯ ಕಡತದಲ್ಲಿ ಅಡಗಿದ್ದ ಲೆಕ್ಕ ಈಗ ಬಯಲಿಗೆ ಬಂದಿದೆ. ಕಲ್ಲಿದ್ದಲಿನ ಬೆಲೆ, ಸಿಬ್ಬಂದಿಯ ಸಂಬಳ, ಸಾಲದ ಬಡ್ಡಿ, ತಂತಿಯಲ್ಲಿ ಸೋರಿಹೋಗುವ ವಿದ್ಯುತ್ತು, ಇವೆಲ್ಲವೂ ಅಲ್ಲಿ ಸಿಕ್ಕುತ್ತವೆ. ಸವಕಳಿ ಎಂಬ ಒಂದು ಬಾಬೂ ಸಿಕ್ಕುತ್ತದೆ. ಯಂತ್ರ ವರ್ಷವರ್ಷಕ್ಕೂ ಸವೆಯುತ್ತದೆ. ಸವೆದಷ್ಟನ್ನು ಖರ್ಚೆಂದು ಬರೆದು ತೆಗೆದಿಡದಿದ್ದರೆ ಮುಂದೊಂದು ದಿನ ಹೊಸ ಯಂತ್ರಕ್ಕೆ ಹಣವಿರುವುದಿಲ್ಲ. ಇದು ಕಿರ್ದಿ-ಖಾತೆ ಬರೆಯುವ ಎಲ್ಲರಿಗೂ ತಿಳಿದ ನೀತಿ.

ನನ್ನ ಆಕ್ಷೇಪಣೆ ಇಲ್ಲಿಂದ ಆರಂಭವಾಗುತ್ತದೆ. ಯಂತ್ರದ ಸವಕಳಿಯನ್ನು ಬರೆಯುವ ಖಾತೆ ಕಾಡಿನ ಸವಕಳಿಯನ್ನು ಬರೆಯುವುದಿಲ್ಲ. ಹೊಳೆಯ ಸವಕಳಿ, ಮಣ್ಣಿನ ಸವಕಳಿ, ಹೊಗೆ ಕುಡಿಯುವವರ ಶ್ವಾಸಕೋಶದ ಸವಕಳಿ ಯಾವ ಕಂಪನಿಯ ಖಾತೆಯಲ್ಲೂ ಕಾಣುವುದಿಲ್ಲ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಎಂದು ನಮ್ಮ ಹಿರಿಯರು ಹೇಳಿದರು. ಕುಡಿಕೆಯಲ್ಲಿ ಎಷ್ಟು ಹೊನ್ನಿದೆ, ಎಷ್ಟು ಮುಗಿಯಿತು ಎಂಬ ಲೆಕ್ಕವನ್ನೇ ಇಡದೆ ಉಣ್ಣುವವನ ಗತಿ ಇನ್ನೇನಾದೀತು! ಕಾರ್ಖಾನೆಯ ಚಿಮಣಿಯ ಹೊಗೆಯಿಂದ ಊರಿಗೆ ಆಗುವ ನಷ್ಟ ಕಾರ್ಖಾನೆಯವನ ಲೆಕ್ಕಕ್ಕೆ ಸೇರುವುದಿಲ್ಲವೆಂಬುದನ್ನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಪಿಗೂ ತನ್ನ ೧೯೨೦ರ ಗ್ರಂಥದಲ್ಲೇ ಚರ್ಚಿಸಿದ್ದಾನೆ. ನಾವು ಅದನ್ನು ಪರೀಕ್ಷೆಗೆಂದು ಓದುತ್ತೇವೆ. ನಮ್ಮ ನಾಡಿನ ವಿದ್ಯುತ್ತಿಗೆ ಅದನ್ನು ಅನ್ವಯಿಸಿ ನೋಡುವುದು ಅಪರೂಪ.

ನಮ್ಮ ವಿದ್ಯುತ್ತಿನ ಚರಿತ್ರೆ ಹೆಮ್ಮೆಪಡತಕ್ಕದ್ದೇ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತಕ್ಕೂ ಹೆಚ್ಚು ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. ಆಮೇಲೆ ಜೋಗ ಬಂದಿತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಬಂದಿತು. ಅದರ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಹತ್ತು ಯಂತ್ರಗಳ ಶಕ್ತಿ ೧೦೩೫ ಮೆಗಾವ್ಯಾಟ್. ಇಂದಿಗೂ ರಾಜ್ಯಕ್ಕೆ ದೊರೆಯುವ ಅತ್ಯಂತ ಅಗ್ಗದ ವಿದ್ಯುತ್ತುಗಳಲ್ಲಿ ಅದೂ ಒಂದು. ಏಕೆ ಅಗ್ಗ? ನೀರಿಗೆ ಬೆಲೆಯಿಲ್ಲ, ಕಟ್ಟಡದ ಸಾಲ ತೀರಿದೆ, ಎಂದು ಖಾತೆ ಉತ್ತರ ಕೊಡುತ್ತದೆ. ಉತ್ತರ ಸುಳ್ಳಲ್ಲ, ಅರ್ಧ ಮಾತ್ರ.

ಉಳಿದರ್ಧವನ್ನು ಸಾಗರ, ಹೊಸನಗರ ತಾಲ್ಲೂಕುಗಳಲ್ಲಿ ನೋಡಬೇಕು. ೩೦೦ ಚದರ ಕಿಲೋಮೀಟರಿಗೂ ಮಿಕ್ಕ ನೆಲದ ಮೇಲೆ ನೀರು ನಿಂತಿತು. ಅಡಿಕೆಯ ತೋಟಗಳು, ಗದ್ದೆಗಳು, ಊರುಗಳು, ಕಾಡು, ಎಲ್ಲವೂ ಅಡಿಯಾದವು. ಮುಳುಗಡೆಯಾದವರಿಗೆ ಬೇರೆ ಕಡೆ ತೋರಿಸಿದ ನೆಲದ ಬಹುಭಾಗ ದಾಖಲೆಯಲ್ಲಿ ಅರಣ್ಯವೆಂದೇ ಉಳಿಯಿತು. ಆದ್ದರಿಂದ ಅರವತ್ತು ವರ್ಷಗಳು ಕಳೆದರೂ ಹಕ್ಕುಪತ್ರ ಕಾಣದ ಸಾವಿರಾರು ಕುಟುಂಬಗಳು ಅಲ್ಲಿವೆ. ತುಮರಿಯ ಕಡೆಯ ಹಳ್ಳಿಗಳು ಹಿನ್ನೀರಿನಿಂದ ತಾಲ್ಲೂಕು ಕೇಂದ್ರಕ್ಕೆ ದೂರವಾದವು. ರೋಗಿಯಾಗಲಿ, ಬಸುರಿಯಾಗಲಿ, ಶಾಲೆಗೆ ಹೋಗುವ ಹುಡುಗನಾಗಲಿ, ಲಾಂಚಿಗಾಗಿ ಕಾದು ಹೊಳೆ ದಾಟಬೇಕಾಯಿತು. ೨೦೨೫ರ ಜುಲೈ ತಿಂಗಳಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡೂವರೆ ಕಿಲೋಮೀಟರಿಗೆ ಸಮೀಪದ ಉದ್ದದ ಸಿಗಂದೂರು ಸೇತುವೆ ತೆರೆಯಿತು. ಖರ್ಚು ೪೦೦ ಕೋಟಿ ರೂಪಾಯಿಗೂ ಮೇಲು. ಅದನ್ನು ಕಟ್ಟಿಸಿದ್ದು ಯಾರು? ಕೇಂದ್ರದ ಹೆದ್ದಾರಿ ಇಲಾಖೆ.

ಸಹಪಾಠಿಗಳು ಇಲ್ಲಿ ಒಂದು ಕ್ಷಣ ನಿಲ್ಲಬೇಕೆಂದು ನನ್ನ ಕೋರಿಕೆ. ೧೯೬೪ರಲ್ಲಿ ವಿದ್ಯುತ್ತಿನ ಖಾತೆಯಲ್ಲಿ ಬರೆಯದೆ ಬಿಟ್ಟ ಒಂದು ಖರ್ಚು ಅರವತ್ತೊಂದು ವರ್ಷಗಳ ತರುವಾಯ ರಸ್ತೆಯ ಖಾತೆಯಲ್ಲಿ ಕಾಣಿಸಿಕೊಂಡಿತು. ಅದುವರೆಗೆ ಆ ಖರ್ಚು ಇರಲಿಲ್ಲವೇ? ಇತ್ತು. ಅದನ್ನು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದವರು ದಿನದಿನವೂ ತಮ್ಮ ಹೊತ್ತಿನಿಂದ, ಕೆಲವೊಮ್ಮೆ ಪ್ರಾಣಭಯದಿಂದ, ತೀರಿಸುತ್ತಿದ್ದರು. ಬರೆಯದಿದ್ದ ಮಾತ್ರಕ್ಕೆ ಖರ್ಚು ಇಲ್ಲದಂತಾಗುವುದಿಲ್ಲ. ಅದು ಕೇಳಲಾರದವರ ತಲೆಯ ಮೇಲೆ ಹೋಗಿ ಕೂರುತ್ತದೆ. ನಾನು ಹೇಳಬೇಕೆಂದಿರುವ ಮಾತು ಇದೊಂದೇ.

ಈಗ ನೀರಿನಿಂದ ಬೆಂಕಿಗೆ ಬರೋಣ. ರಾಯಚೂರು ಜಿಲ್ಲೆಯ ಶಕ್ತಿನಗರದಲ್ಲಿ, ಕೃಷ್ಣೆಯ ದಡದಲ್ಲಿ, ನಮ್ಮ ಮೊದಲ ದೊಡ್ಡ ಉಷ್ಣವಿದ್ಯುತ್ ಸ್ಥಾವರದ ಮೊದಲ ಘಟಕ ೧೯೮೫ರಲ್ಲಿ ಕೆಲಸ ಆರಂಭಿಸಿತು. ಮುಂದೆ ಅದು ಎಂಟು ಘಟಕಗಳಾಗಿ ೧೭೨೦ ಮೆಗಾವ್ಯಾಟಿಗೆ ಬೆಳೆಯಿತು. ಕರ್ನಾಟಕದಲ್ಲಿ ಕಲ್ಲಿದ್ದಲಿಲ್ಲ, ಹೊರರಾಜ್ಯಗಳ ಗಣಿಗಳಿಂದ ರೈಲಿನಲ್ಲಿ ತರಬೇಕು. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಅಂಶ ಬಹಳ. ನೂರು ಟನ್ನು ಸುಟ್ಟರೆ ಮೂವತ್ತರಿಂದ ನಲವತ್ತು ಟನ್ನಿನವರೆಗೆ ಬೂದಿ ಉಳಿಯುತ್ತದೆ. ಬಹುಕಾಲ ಈ ಬೂದಿಯನ್ನು ನೀರಿನಲ್ಲಿ ಕಲಸಿ ದೊಡ್ಡ ಹೊಂಡಗಳಿಗೆ ಬಿಡುವುದೇ ವಾಡಿಕೆಯಾಗಿತ್ತು. ಹೊಂಡ ಒಣಗಿ ಗಾಳಿ ಬೀಸಿದರೆ ಬೂದಿ ಸುತ್ತಲಿನ ಹೊಲಗಳ ಮೇಲೂ ಮನೆಗಳ ಮೇಲೂ ಕೂರುತ್ತದೆ. ಖಾತೆಯ ದೃಷ್ಟಿಯಿಂದ ಹೊಂಡಕ್ಕೆ ಹೋದ ಬೂದಿಗೆ ಬಹುಮಟ್ಟಿಗೆ ಖರ್ಚಿಲ್ಲ. ಅದನ್ನು ಗುಡಿಸುವ ಗೃಹಿಣಿಯ ಶ್ರಮಕ್ಕೆ ಯಾವ ಬಾಬಿನಲ್ಲೂ ಜಾಗವಿಲ್ಲ.

ಕೇಂದ್ರ ಸರ್ಕಾರವು ಹಾರುಬೂದಿಯ ಬಳಕೆಯನ್ನು ಕುರಿತು ೧೯೯೯ರಲ್ಲಿ ಮೊದಲ ಅಧಿಸೂಚನೆಯನ್ನು ಹೊರಡಿಸಿತು. ೨೦೨೧ರ ಡಿಸೆಂಬರಿನ ಅಧಿಸೂಚನೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಬೂದಿಯನ್ನು ಪೂರ್ತಿಯಾಗಿ ಉಪಯೋಗಕ್ಕೆ ತರಬೇಕು. ಗೊತ್ತಾದ ಅವಧಿಯಲ್ಲಿ ಬಳಕೆಯಾಗದೆ ಉಳಿದ ಬೂದಿಗೆ ಟನ್ನಿಗೆ ೧೦೦೦ ರೂಪಾಯಿಯಂತೆ ಪರಿಸರ ಪರಿಹಾರ ತೆರಬೇಕು ಎಂದು ವಿಧಿಸಿತು. ಇದರ ಪರಿಣಾಮವನ್ನು ವ್ಯಾಪಾರದ ಕಣ್ಣಿನಿಂದ ನೋಡಿ. ನಿನ್ನೆಯ ಕಸ ಇಂದು ಸಾಲದಂತೆ ಖಾತೆಯಲ್ಲಿ ಕೂತಿತು. ಸಾಲವಿದ್ದವನು ಸುಮ್ಮನಿರಲಾರ. ಸಿಮೆಂಟಿನ ಕಾರ್ಖಾನೆ, ಇಟ್ಟಿಗೆಯ ಘಟಕ, ರಸ್ತೆಯ ಗುತ್ತಿಗೆದಾರ, ಇವರನ್ನು ಹುಡುಕಿಕೊಂಡು ಹೋಗುವುದು ವಿದ್ಯುತ್ ಕಂಪನಿಯ ಕೆಲಸವೇ ಆಯಿತು. ಉಪದೇಶದಿಂದ ಆಗದ ಬದಲಾವಣೆ ಒಂದು ಬಾಬನ್ನು ಬರೆದುದರಿಂದ ಆಗಬಲ್ಲುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು.

ಆದರೆ ತೆರೆದ ಬಾಬನ್ನು ಮುಚ್ಚಲೂಬಹುದು. ಎರಡು ಉದಾಹರಣೆಗಳನ್ನು ಕೊಡುತ್ತೇನೆ. ಕಲ್ಲಿದ್ದಲಿನ ಮೇಲೆ ೨೦೧೦ರಲ್ಲಿ ಟನ್ನಿಗೆ ೫೦ ರೂಪಾಯಿಯಂತೆ ಶುದ್ಧ ಇಂಧನದ ಹೆಸರಿನಲ್ಲಿ ಒಂದು ಸೆಸ್ ಹಾಕಲಾಯಿತು. ೨೦೧೬ರ ಹೊತ್ತಿಗೆ ಅದು ೪೦೦ ರೂಪಾಯಿಗೆ ಏರಿತು. ಹೊಗೆಯಿಂದ ಬಂದ ಹಣ ಹೊಗೆಯಿಲ್ಲದ ವಿದ್ಯುತ್ತಿಗೆ ಹೋಗಲಿ ಎಂಬುದು ಉದ್ದೇಶ. ೨೦೧೭ರಲ್ಲಿ ಜಿ.ಎಸ್.ಟಿ. ಬಂದಾಗ ಅದೇ ೪೦೦ ರೂಪಾಯಿ ರಾಜ್ಯಗಳ ತೆರಿಗೆಯ ಖೋತಾವನ್ನು ತುಂಬಿಕೊಡುವ ಸೆಸ್ಸಾಗಿ ಮಾರ್ಪಟ್ಟಿತು. ೨೦೨೫ರ ಸೆಪ್ಟೆಂಬರಿನಲ್ಲಿ ಆ ಸೆಸ್ಸನ್ನು ತೆಗೆದುಹಾಕಿ, ಕಲ್ಲಿದ್ದಲಿನ ಜಿ.ಎಸ್.ಟಿ.ಯನ್ನು ಶೇಕಡ ೫ರಿಂದ ೧೮ಕ್ಕೆ ಏರಿಸಲಾಯಿತು. ತೆರಿಗೆ ಹೋಯಿತೆಂದು ಯಾರೂ ಹೇಳಲಾರರು. ಆದರೆ ಹೊಗೆಗೆಂದು ತೆರೆದ ಖಾತೆ ಮಾತ್ರ ಹೋಯಿತು.

ಎರಡನೆಯದು ಗಂಧಕದ ಹೊಗೆಯ ಮಾತು. ಉಷ್ಣವಿದ್ಯುತ್ ಸ್ಥಾವರಗಳು ಇಂತಿಷ್ಟಕ್ಕಿಂತ ಹೆಚ್ಚು ಗಂಧಕದ ಡೈ ಆಕ್ಸೈಡನ್ನು ಬಿಡಕೂಡದೆಂದು ೨೦೧೫ರ ಡಿಸೆಂಬರಿನಲ್ಲಿ ನಿಯಮವಾಯಿತು. ಎರಡು ವರ್ಷಗಳ ಗಡುವು ಮತ್ತೆ ಮತ್ತೆ ಮುಂದೆ ಹೋಯಿತು. ೨೦೨೫ರ ಜುಲೈನಲ್ಲಿ ದೇಶದ ಬಹುಪಾಲು ಸ್ಥಾವರಗಳಿಗೆ ಹೊಗೆಯಿಂದ ಗಂಧಕ ತೆಗೆಯುವ ಯಂತ್ರ ಹಾಕುವುದರಿಂದ ವಿನಾಯಿತಿ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರದ ವೆಚ್ಚ ಅಪಾರ, ದರ ಏರುತ್ತದೆ ಎಂಬ ವಾದ ಅದರ ಹಿಂದಿದೆ. ವಾದದಲ್ಲಿ ತಥ್ಯವಿರಬಹುದು. ಆದರೆ ಯಂತ್ರದ ವೆಚ್ಚವನ್ನು ಯೂನಿಟ್ಟಿಗೆ ಇಷ್ಟು ಪೈಸೆ ಎಂದು ನಿಖರವಾಗಿ ಹೇಳುವವರು ಅದರ ಎದುರು ಪುಟದಲ್ಲಿ, ಯಂತ್ರ ಹಾಕದಿದ್ದರೆ ಆಸ್ಪತ್ರೆಗೆ ಹೋಗುವ ಹಣವೆಷ್ಟು, ಕಳೆದುಹೋಗುವ ಕೂಲಿಯ ದಿನಗಳೆಷ್ಟು ಎಂಬುದನ್ನೂ ಅಷ್ಟೇ ನಿಖರವಾಗಿ ಬರೆಯಬೇಡವೇ? ಒಂದೇ ಪುಟವುಳ್ಳ ಖಾತೆಯಲ್ಲಿ ತೀರ್ಮಾನ ಮೊದಲೇ ಆಗಿರುತ್ತದೆ.

ಇನ್ನು ಹೊಸ ಕಾಲದ ವಿದ್ಯುತ್ತಿಗೆ ಬರುತ್ತೇನೆ. ತುಮಕೂರು ಜಿಲ್ಲೆಯ ಪಾವಗಡ ಬರಕ್ಕೆ ಹೆಸರಾದ ತಾಲ್ಲೂಕು. ಅಲ್ಲಿನ ತಿರುಮಣಿ ಮೊದಲಾದ ಐದು ಗ್ರಾಮಗಳ ಸುಮಾರು ೧೩೦೦೦ ಎಕರೆಯಲ್ಲಿ ೨೦೫೦ ಮೆಗಾವ್ಯಾಟಿನ ಸೌರವಿದ್ಯುತ್ ಉದ್ಯಾನ ೨೦೧೯ರ ಕೊನೆಗೆ ಪೂರ್ತಿಯಾಯಿತು. ಅಲ್ಲಿ ರೈತರಿಂದ ಜಮೀನನ್ನು ಕೊಂಡುಕೊಳ್ಳಲಿಲ್ಲ, ಕಸಿದುಕೊಳ್ಳಲೂ ಇಲ್ಲ, ಗುತ್ತಿಗೆಗೆ ತೆಗೆದುಕೊಂಡರು. ಎಕರೆಗೆ ವರ್ಷಕ್ಕೆ ೨೧೦೦೦ ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡ ೫ರ ಏರಿಕೆ. ನನ್ನ ಮಟ್ಟಿಗೆ ಇದು ಬರಿಯ ಆಡಳಿತದ ಅನುಕೂಲವಲ್ಲ. ಲೆಕ್ಕದ ಪದ್ಧತಿಯಲ್ಲೇ ಆದ ಬದಲಾವಣೆ. ಲಿಂಗನಮಕ್ಕಿಯಲ್ಲಿ ನೆಲದ ಬೆಲೆ ಒಮ್ಮೆ ಕೊಟ್ಟು ಮರೆಯುವ ಬಾಬಾಗಿತ್ತು. ಪಾವಗಡದಲ್ಲಿ ಅದು ಕಲ್ಲಿದ್ದಲಿನ ಬೆಲೆಯಂತೆ ಪ್ರತಿವರ್ಷ ಬರೆಯಲೇಬೇಕಾದ ಖರ್ಚು. ಪ್ರತಿವರ್ಷ ಬರೆಯಬೇಕಾದದ್ದನ್ನು ಯಾರೂ ಮರೆಯಲಾರರು.

ಆದರೂ ಈ ಖಾತೆ ಪೂರ್ಣವಲ್ಲ. ಗುತ್ತಿಗೆಯ ಹಣ ಜಮೀನಿನ ಒಡೆಯನಿಗೆ ಸಲ್ಲುತ್ತದೆ. ಆ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದ ಭೂಮಿಯಿಲ್ಲದವನಿಗೆ, ಬೀಳುಭೂಮಿಯಲ್ಲಿ ಕುರಿ ಮೇಯಿಸುತ್ತಿದ್ದವನಿಗೆ ಏನು ಸಲ್ಲುತ್ತದೆ? ಅವರ ಹೆಸರಿನಲ್ಲಿ ಪಹಣಿಯಿಲ್ಲ. ಆದ್ದರಿಂದ ಖಾತೆಯಲ್ಲೂ ಅವರಿಲ್ಲ. ಹೊಗೆಯಿಲ್ಲದ ವಿದ್ಯುತ್ತೆಂದು ನಾವು ಹೊಗಳುವಾಗ ಇದನ್ನು ನೆನೆಯುವುದು ಒಳ್ಳೆಯದು.

ನನ್ನ ಮಾತಿಗೆ ಎರಡು ಆಕ್ಷೇಪಣೆಗಳನ್ನು ಮಿತ್ರರು ಎತ್ತಿದ್ದಾರೆ. ಮೊದಲನೆಯದು: ಇವೆಲ್ಲವನ್ನೂ ಲೆಕ್ಕಕ್ಕೆ ಹಿಡಿದರೆ ದರ ಏರುತ್ತದೆ, ಬಡವನ ಮನೆಯ ದೀಪ ಆರುತ್ತದೆ. ಲೆಕ್ಕ ಬರೆಯುವುದು ಬೇರೆ, ವಸೂಲು ಮಾಡುವುದು ಬೇರೆ. ಯಾರಿಂದ ವಸೂಲು ಮಾಡಬೇಕೆಂಬುದು ರಾಜ್ಯನೀತಿಯ ಪ್ರಶ್ನೆ. ಬಡವನ ಸೊನ್ನೆಯ ಬಿಲ್ಲನ್ನು ಸೊನ್ನೆಯಾಗಿಯೇ ಇಟ್ಟು ಬೇರೆಡೆ ವಸೂಲು ಮಾಡಬಹುದು. ಗೃಹಜ್ಯೋತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಬೆಳಕಿನಲ್ಲಿಯೇ ಈ ಲೇಖನವನ್ನು ಬರೆದಿದ್ದೇನೆ. ಆದರೆ ಹಕ್ಕುಪತ್ರವಿಲ್ಲದೆ ಬಾಳುವವನೂ, ಬೂದಿಯ ಹೊಂಡದ ಪಕ್ಕದಲ್ಲಿ ಉಸಿರಾಡುವವನೂ ಬಡವರೇ ಅಲ್ಲವೇ? ಬಡವನ ಹೆಸರಿನಲ್ಲಿ ಬಡವನ ನಷ್ಟವನ್ನೇ ಮರೆಮಾಡುವುದು ನ್ಯಾಯವಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದದ್ದು: ಕಾಡಿಗೆ ಬೆಲೆ ಕಟ್ಟಲು ಸಾಧ್ಯವೇ? ಕಟ್ಟುವ ಪ್ರಯತ್ನ ನಡೆದಿದೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ, ಅರಣ್ಯವನ್ನು ಅನ್ಯ ಉಪಯೋಗಕ್ಕೆ ಪಡೆಯುವವರು ಅದರ ನಿವ್ವಳ ವರ್ತಮಾನ ಮೌಲ್ಯವನ್ನು ತೆರಬೇಕು. ೨೦೦೮ರಲ್ಲಿ ಅದು ಕಾಡಿನ ಬಗೆಯನ್ನು ನೋಡಿ ಹೆಕ್ಟೇರಿಗೆ ೪.೩೮ ಲಕ್ಷದಿಂದ ೧೦.೪೩ ಲಕ್ಷ ರೂಪಾಯಿಯವರೆಗೆ ಗೊತ್ತಾಯಿತು. ಆಮೇಲೆ ಇನ್ನೂ ಏರಿದೆ. ಏನೂ ಇಲ್ಲದಿದ್ದುದಕ್ಕಿಂತ ಇದು ಮೇಲು. ಆದರೆ ಇದರಲ್ಲೊಂದು ಅಪಾಯವಿದೆ. ಹಣ ಕಟ್ಟಿದವನು ಋಣ ತೀರಿತೆಂದು ತಿಳಿಯುತ್ತಾನೆ. ಬೆಲೆಪಟ್ಟಿ ಪರವಾನಗಿಯ ಪತ್ರವಾಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಗಾದೆ ಅಡಿಕೆಯ ನಾಡಿನ ಕಾಡಿಗೂ ಸಲ್ಲುತ್ತದೆ. ಆದ್ದರಿಂದ ನಾನು ಬೇಡುವ ಖಾತೆ ರೂಪಾಯಿಯೊಂದರ ಖಾತೆಯಲ್ಲ. ಕಾಡನ್ನು ಹೆಕ್ಟೇರಿನಲ್ಲಿಯೂ, ಬೂದಿಯನ್ನು ಟನ್ನಿನಲ್ಲಿಯೂ, ಜನರನ್ನು ಕುಟುಂಬಗಳ ಸಂಖ್ಯೆಯಲ್ಲಿಯೂ ಬರೆಯಬೇಕು. ವಿಶ್ವಸಂಸ್ಥೆಯ ಅಂಕಿಅಂಶಗಳ ಆಯೋಗವು ೨೦೧೨ರಲ್ಲಿ ಅಂಗೀಕರಿಸಿದ ಪರಿಸರ ಲೆಕ್ಕದ ಪದ್ಧತಿಯಲ್ಲೂ ಹಣದ ಲೆಕ್ಕದ ಜೊತೆಗೆ ವಸ್ತುಗಳ ಲೆಕ್ಕಕ್ಕೆ ಸ್ಥಾನವಿದೆ.

ಹಾಗಾದರೆ ಮಾಡಬೇಕಾದದ್ದೇನು? ಷೇರುಪೇಟೆಯ ಕಂಪನಿಗಳಲ್ಲಿ ದೊಡ್ಡವೆನಿಸಿದ ೧೦೦೦ ಕಂಪನಿಗಳು ತಮ್ಮ ನೀರು, ಹೊಗೆ, ಕಸಗಳ ವಿವರವನ್ನು ವಾರ್ಷಿಕ ವರದಿಯಲ್ಲಿ ಕೊಡಬೇಕೆಂದು ಸೆಬಿ ೨೦೨೨-೨೩ರಿಂದ ಕಡ್ಡಾಯ ಮಾಡಿದೆ. ನಮ್ಮ ವಿದ್ಯುತ್ ನಿಗಮ ಷೇರುಪೇಟೆಯಲ್ಲಿಲ್ಲ. ಪೂರ್ತಿಯಾಗಿ ರಾಜ್ಯ ಸರ್ಕಾರದ್ದು. ಆದ್ದರಿಂದ ಆ ಕಟ್ಟಳೆ ಅದಕ್ಕೆ ತಗುಲುವುದಿಲ್ಲ. ಲಾಭಕ್ಕಾಗಿ ಹಣ ಹೂಡಿದ ಷೇರುದಾರನಿಗೆ ಕಂಪನಿ ಉತ್ತರ ಹೇಳಬೇಕು; ನಿಗಮದ ನಿಜವಾದ ಒಡೆಯರಾದ ನಮಗೆ ಉತ್ತರ ಹೇಳಬೇಕಾಗಿಲ್ಲ. ಇದು ವಿಪರ್ಯಾಸವಲ್ಲವೇ? ನಿಗಮವು ತಾನಾಗಿಯೇ ಮುಂದೆ ಬಂದು, ಪ್ರತಿವರ್ಷ ಕನ್ನಡದಲ್ಲಿ ಒಂದು ಪರಿಸರ ಖಾತೆಯನ್ನು ಪ್ರಕಟಿಸಿ ವಿಧಾನಮಂಡಲದ ಮುಂದೆ ಇಡಲಿ. ಸುಟ್ಟ ಕಲ್ಲಿದ್ದಲೆಷ್ಟು, ಹೊರಟ ಬೂದಿಯೆಷ್ಟು, ಹೊಂಡದಲ್ಲಿ ಉಳಿದದ್ದೆಷ್ಟು. ಹೊಳೆಯಿಂದ ತೆಗೆದ ನೀರೆಷ್ಟು. ಪಡೆದ ಕಾಡೆಷ್ಟು, ಬದಲಿಗೆ ನೆಟ್ಟ ಗಿಡಗಳಲ್ಲಿ ಬದುಕಿದ್ದೆಷ್ಟು. ಎಬ್ಬಿಸಿದ ಕುಟುಂಬಗಳೆಷ್ಟು, ಹಕ್ಕುಪತ್ರ ಪಡೆದವೆಷ್ಟು, ಬಾಕಿಯೆಷ್ಟು. ಇಷ್ಟೇ ಸಾಕು. ಇವುಗಳಲ್ಲಿ ಕೆಲವನ್ನು ಮಾಲಿನ್ಯ ನಿಯಂತ್ರಣ ಮಂಡಳಿಗೆ ವರ್ಷವರ್ಷವೂ ಒಪ್ಪಿಸಬೇಕೆಂಬ ನಿಯಮ ೧೯೯೦ರ ದಶಕದ ಆರಂಭದಿಂದಲೂ ಇದೆ. ಅಂದರೆ ಅಂಕಿಗಳು ಇಲ್ಲದೆ ಇಲ್ಲ, ಹರಿದುಹಂಚಿಹೋಗಿವೆ.

ಇದಕ್ಕೆ ಇಂದು ಅವಸರವಿದೆ. ಶರಾವತಿಯ ಕಣಿವೆಯಲ್ಲಿಯೇ, ಸಿಂಗಳೀಕಗಳ ಅಭಯಾರಣ್ಯದಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಬಿಡುವ ೨೦೦೦ ಮೆಗಾವ್ಯಾಟಿನ ಯೋಜನೆಯೊಂದನ್ನು ನಿಗಮ ಕೈಗೆತ್ತಿಕೊಂಡಿದೆ. ೨೦೨೫ರಲ್ಲಿ ಅದರ ಮೇಲೆ ಬಿರುಸಾದ ವಾದ ನಡೆಯಿತು. ಸೂರ್ಯ ಹಗಲು ಮಾತ್ರ ಇರುವುದರಿಂದ ಹಗಲಿನ ವಿದ್ಯುತ್ತನ್ನು ಸಂಜೆಗೆ ಕೂಡಿಡುವ ಉಪಾಯ ಬೇಕೆಂಬುದು ನಿಜ. ಅದಕ್ಕಾಗಿ ನಾಲ್ಕು ಪಾಲು ವಿದ್ಯುತ್ತನ್ನು ಹಾಕಿದರೆ ಮರಳಿ ಬರುವುದು ಮೂರು ಪಾಲಿನಷ್ಟು ಎಂಬುದೂ ನಿಜ. ಯೋಜನೆ ಬೇಕೋ ಬೇಡವೋ ಎಂದು ತೀರ್ಪು ಕೊಡುವಷ್ಟು ದೊಡ್ಡವನು ನಾನಲ್ಲ. ನನ್ನ ಬಿನ್ನಹ ಒಂದೇ. ಅದೇ ಹೊಳೆಯ ೧೯೬೪ರ ಖಾತೆಯನ್ನು ಮೊದಲು ತೆರೆಯಿರಿ. ಅದರಲ್ಲಿ ಬಾಕಿ ನಿಂತದ್ದನ್ನು ಬರೆಯಿರಿ. ಆಮೇಲೆ ಹೊಸ ಪುಟ ತಿರುವಿರಿ. ಹಳೆಯ ಬಾಕಿಯನ್ನು ತೋರಿಸದವನಿಗೆ ನಮ್ಮೂರಿನ ಸಹಕಾರ ಸಂಘವೂ ಹೊಸ ಸಾಲ ಕೊಡುವುದಿಲ್ಲ.

ನಮ್ಮ ಅಧ್ಯಾಪಕರ ಪ್ರಶ್ನೆಗೆ ನಾನು ಕಂಡುಕೊಂಡ ಉತ್ತರ ಇಷ್ಟು. ಬಿಲ್ಲಿನಲ್ಲಿ ಬರೆಯದ್ದನ್ನು ಕೊಡುವವರಿಗೆ ರಸೀತಿಯೂ ಸಿಕ್ಕುವುದಿಲ್ಲ. ತಪ್ಪಿದ್ದರೆ ಹಿರಿಯರು ತಿದ್ದಬೇಕು. ಮುಂದಿನ ವರ್ಷದ ವಿದ್ಯಾರ್ಥಿಗಳಿಗೂ ಅವರು ಈ ಅಭ್ಯಾಸವನ್ನು ಕೊಡುತ್ತಾರೆಂದು ಕೇಳಿದ್ದೇನೆ. ಅಷ್ಟರೊಳಗೆ ಮನೆಯ ಬಿಲ್ಲಿನ ಜೊತೆಗೆ ನಾಡಿನ ಪರಿಸರ ಖಾತೆಯ ಒಂದು ಪ್ರತಿಯೂ ಅವರ ಕೈಗೆ ಸಿಕ್ಕುವಂತಾದರೆ, ಅವರ ಉತ್ತರ ನನ್ನದಕ್ಕಿಂತ ಚೆನ್ನಾಗಿರುವುದರಲ್ಲಿ ಸಂಶಯವಿಲ್ಲ.